ಅಪಿಟೈಟ್‌ಗೊಂದು ಉದಾಹರಣೆ

ತಾನು ಬರೆದುಕೊಡುತ್ತಿದ್ದ ಮಕ್ಕಳ ನಿಘಂಟಿನಲ್ಲಿ ‘ಅಪಿಟೈಟ್’ ಎಂಬ ಇಂಗ್ಲಿಷ್ ಪದದ ಎದುರು ಸೊಸೆ ‘ಹಸಿವು’ ಎಂದು ಬರೆದು ಕೈತೊಳೆದುಕೊಂಡಿದ್ದಳು. ಸಂಪಾದಕರು ಅದನ್ನು ಹಿಂದಕ್ಕೆ ಕಳಿಸಿದ್ದರು. ಹಸಿವು ಹೊಟ್ಟೆಯದು, ಇದು ಉಣ್ಣಬೇಕೆನ್ನುವ ಮನಸ್ಸಿನದು. ಮಕ್ಕಳಿಗೆ ತಿಳಿಯುವಂಥ ಉದಾಹರಣೆ ಕೊಡಿ ಎಂದಿದ್ದರು.

ಅದೇ ಪದವನ್ನು ಅಂದು ಬೆಳಿಗ್ಗೆ ಡಾಕ್ಟರೂ ಆಡಿದ್ದರು.

“ನಿಮ್ಮ ಮಾವನಿಗೆ ರೋಗ ಏನೂ ಇಲ್ಲಮ್ಮ. ಅಪಿಟೈಟ್ ಇಲ್ಲ, ಅಷ್ಟೆ. ಹೀಗೇ ಇಳೀತಾ ಹೋದ್ರೆ ಅಡ್ಮಿಟ್ ಮಾಡಿ ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ.”

ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅವರ ಸೀಟಿ ಕೇಳಿದರೆ ಎಂಥ ಪುಂಡ ಹುಡುಗರೂ ಬಾಲ ಮುದುರಿಕೊಳ್ಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರ ಅಂಗಿಯೊಳಗೆ ಇನ್ನೊಬ್ಬ ಮೇಷ್ಟ್ರು ಹಿಡಿಸುವಷ್ಟು ಜಾಗವಾಗಿತ್ತು.

ಮನೆಯವರೇನು ಕಡಿಮೆ ಮಾಡಿದ್ದರೇ? ಅವರ ಊಟದ ಹೊತ್ತಿಗೆ ಟೀವಿ ಆರಿಸುತ್ತಿದ್ದರು. ಗಂಡ ಫೋನಿನಲ್ಲಿ ಪಿಸುಗುಡುತ್ತಿದ್ದ. ಸೊಸೆ ಬಿಸಿ ಅನ್ನ ಬಡಿಸಿ, “ಸಾಕಾ ಮಾವ? ಬಲವಂತ ಏನಿಲ್ಲ,” ಎಂದು ಸರಿದು ನಿಲ್ಲುತ್ತಿದ್ದಳು. ಇಷ್ಟೊಂದು ಮರ್ಯಾದೆಯನ್ನು ಯಾರಿಂದ ತಾನೇ ಅರಗಿಸಿಕೊಳ್ಳಲಾದೀತು!

ಅಂದು ಮಧ್ಯಾಹ್ನವೂ ಮಾವ ನಾಲ್ಕು ಅಗುಳು ಕೆದಕಿ ಎದ್ದರು. ಸಂಪಾದಕರ ಮೇಲಿನ ಸಿಟ್ಟು, ಆ ನಳಿಗೆಯ ಭಯ, ಎಲ್ಲ ಒಟ್ಟಿಗೆ ಸೊಸೆಯ ನೆತ್ತಿಗೇರಿತು.

“ಕೂತ್ಕೊಳ್ಳಿ ಮಾವ! ಬೆಳಿಗ್ಗೆಯಿಂದ ನಾನು ಒಲೆ ಮುಂದೆ ಬೆಂದಿದ್ದು ಇದನ್ನ ಕಸಕ್ಕೆ ಸುರಿಯೋಕಾ? ಊರ ಮಕ್ಕಳಿಗೆಲ್ಲ ಶಿಸ್ತು ಕಲಿಸಿದೋರಿಗೆ ಒಂದು ತಟ್ಟೆ ಖಾಲಿ ಮಾಡೋಕೆ ಬರಲ್ವಾ?”

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಮದುವೆಯಾಗಿ ಬಂದಂದಿನಿಂದ ಮಾವನೆದುರು ಅವಳ ದನಿ ಏರಿದ್ದೇ ಇಲ್ಲ. ಗಂಡ ಫೋನ್ ಹಿಡಿದು ನಿಂತಲ್ಲೇ ಕಲ್ಲಾದ.

ಮಾವ ಅವಳನ್ನು ದಿಟ್ಟಿಸಿ ನೋಡಿದರು. ಮೆಲ್ಲಗೆ ಕೂತು ಒಂದು ತುತ್ತು ಬಾಯಿಗಿಟ್ಟರು.

“ಉಪ್ಪು ಕಡಿಮೆ.”

ಅತ್ತೆ ಇದ್ದಾಗ ದಿನವೂ ಊಟಕ್ಕೆ ಕೂತು ಅವರು ಆಡುತ್ತಿದ್ದ ಮೊದಲ ಮಾತು ಅದು. ಅತ್ತೆ ಕೊಡುತ್ತಿದ್ದ ಜವಾಬು ಈ ಮನೆಯ ಗೋಡೆಗಳಿಗೂ ಬಾಯಿಪಾಠ. ಸೊಸೆ ಅತ್ತೆಯಂತೆಯೇ ಸೊಂಟಕ್ಕೆ ಕೈಯಿಟ್ಟಳು.

“ಉಪ್ಪು ಸರಿಯಾಗೇ ಇದೆ, ಕೆಟ್ಟಿರೋದು ನಿಮ್ಮ ನಾಲಿಗೆ. ಸುಮ್ಮನೆ ಉಣ್ಣಿ!”

ಮಾವ ಉಂಡರು. ಕಣ್ಣೊರೆಸಿಕೊಳ್ಳುತ್ತಲೇ ಉಂಡರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದರು.

“ಇನ್ನೊಂಚೂರು ಹಾಕಮ್ಮ. ಬೈಕೊಂಡೇ ಹಾಕು.”

ಸಂಜೆ ಅವಳು ನಿಘಂಟಿನ ಹಾಳೆ ತೆಗೆದು ಬರೆದಳು: ‘ಅಜ್ಜಿ ಹೋದ ಮೇಲೆ ತಾತನಿಗೆ ಹಸಿವಾಗುತ್ತಿತ್ತು, ಆದರೆ ಅಪಿಟೈಟ್ ಇರಲಿಲ್ಲ.’ ಓದಿಕೊಂಡಾಗ ಅವಳಿಗೂ ಅಳು ಬಂತು. ತಾನೂ ಅತ್ತೆಯ ದನಿಗಾಗಿ ಇಷ್ಟು ದಿನ ಹಸಿದಿದ್ದೆನೆಂದು ಆಗಲೇ ಹೊಳೆಯಿತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಾವನ ಕೂಗು ಕೇಳಿಸಿತು.

“ರಾತ್ರಿಗೆ ಏನಮ್ಮ ಅಡುಗೆ?”