ಹಗಲು ಮಲಗುವವಳ ಕೋಣೆ

ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಮ್ಮ ಹೊಸ ಮನೆ ಕಟ್ಟಿಸುವಾಗ ಕೇಳಿದ್ದು ಒಂದೇ: ಹಗಲು ಹೊತ್ತು ಮಲಗಲು ಸದ್ದಿಲ್ಲದ ಕೋಣೆ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ ಎಂದುಬಿಟ್ಟಳು. ಹಾಗೆಂದದ್ದೇ ತಪ್ಪಾಯಿತು. ಮನೆಯವರು ಮಿಕ್ಕಿದ್ದೆಲ್ಲವನ್ನೂ ತಮ್ಮಿಷ್ಟದಂತೆ ಜೋಡಿಸಿಕೊಂಡು, ಉಳಿದ ಮೂಲೆಗೆ ಅವಳ ಕೋಣೆಯನ್ನು ತಳ್ಳತೊಡಗಿದರು.

ಅವರಿದ್ದ ಬಾಡಿಗೆ ಮನೆಯಲ್ಲಿ ಸದ್ದಿಗೆ ಬರವಿರಲಿಲ್ಲ. ಗಂಡ ಮಿಕ್ಸಿ, ಫ್ಯಾನು, ಪಂಪು ರಿಪೇರಿ ಮಾಡುವವನು. ಹಜಾರದ ಅರ್ಧ ಅವನ ಅಂಗಡಿ. ಇನ್ನರ್ಧದಲ್ಲಿ ನಾದಿನಿ, ಕೆಲಸಕ್ಕೆ ಹೋಗುವ ನೆರೆಯವರ ಪುಟ್ಟ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದಳು. ಒಂದು ಅತ್ತರೆ ಉಳಿದವೂ ಶ್ರುತಿ ಸೇರಿಸುತ್ತಿದ್ದವು. ಅತ್ತೆಗೆ ಕಿವಿ ಮಂದ. ಅವರ ಟೀವಿ ಬೀದಿಯ ಕೊನೆಗೂ ಕೇಳಬೇಕು. ಈ ಗದ್ದಲದ ನಡುವೆ ಅವಳು ಕಿವಿಗೆ ಹತ್ತಿ ತುರುಕಿ, ತಲೆಯ ಮೇಲೆ ದಿಂಬಿಟ್ಟುಕೊಂಡು ಕೋಳಿನಿದ್ದೆ ಮಾಡಿ ಸಂಜೆಗೆ ಮತ್ತೆ ಡ್ಯೂಟಿಗೆ ಓಡುತ್ತಿದ್ದಳು.

ಮಂಡಿನೋವಿನ ಅತ್ತೆ ಮೆಟ್ಟಿಲು ಹತ್ತಲಾರರೆಂದು ಮಹಡಿಯ ಆಸೆಯನ್ನು ಮೊದಲೇ ಬಿಟ್ಟಾಗಿತ್ತು. ಎಲ್ಲವೂ ಒಂದೇ ನೆಲದ ಮೇಲೆ ಬರಬೇಕು. ಒಬ್ಬರ ಗೋಡೆ ಸರಿದರೆ ಇನ್ನೊಬ್ಬರ ಹಾಸಿಗೆ ಸರಿಯಬೇಕು.

ಮೊದಲನೆಯ ನಕ್ಷೆಯಲ್ಲಿ ಅವಳ ಮಂಚದ ತಲೆದೆಸೆಗೇ ಗಂಡನ ಅಂಗಡಿ ಬಂದಿತ್ತು.

"ಮಧ್ಯೆ ಗೋಡೆ ಇದ್ಯಲ್ಲೇ," ಎಂದ ಗಂಡ.

"ಗೋಡೆ ಈಗಲೂ ಇದೆ. ನಿನ್ನೆ ಮಿಕ್ಸಿ ಕೂಗ್ದಾಗ ಅದೆಲ್ಲಿಗೆ ಹೋಗಿತ್ತು?"

ಎರಡನೆಯದರಲ್ಲಿ ಅಂಗಡಿ ದೂರ ಹೋಯಿತು, ಆ ಜಾಗಕ್ಕೆ ಮಕ್ಕಳು ಬಂದರು. ಮುಂದಿನದರಲ್ಲಿ ಮಕ್ಕಳೂ ಹೋದರು, ಆದರೆ ಕಿಟಕಿಯ ಹೊರಗೆ ನೀರಿನ ಪಂಪು ಬಂದು ಕೂತಿತು. ಅದು ಬೇಡವೆಂದರೆ ಟೀವಿಯ ಗೋಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಅವಳಿಗೆ ನಕ್ಷೆಯ ಹಾಳೆ ಕಂಡರೆ ಮೈ ಉರಿಯತೊಡಗಿತು.

ನಕ್ಷೆ ಬರೆಯುವವನು ಸಾಧು ಮನುಷ್ಯ. ಇಲ್ಲ ಎನ್ನುವ ಪದ ಅವನ ಬಾಯಲ್ಲಿ ಬಾರದು. ಯಾರು ಏನು ಕೇಳಿದರೂ "ಮಾಡ್ಬಹುದು, ಮಾಡ್ಬಹುದು". ಕೊನೆಗೆ ಯಾರು ಫೋನ್ ಮಾಡಿದರೋ ಅವರ ಮಾತೇ ಹಾಳೆಗೆ ಇಳಿಯುತ್ತಿತ್ತು. ಅವಳು ಬೆಳಿಗ್ಗೆ ಬರುತ್ತಲೇ ಫೋನ್ ಮಾಡಿ ಕೋಣೆಯನ್ನು ಸರಿಯಾದ ಕಡೆ ಇಡಿಸಿ ಮಲಗುವಳು. ಅವಳು ಕಣ್ಣು ಮುಚ್ಚಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಫೋನ್ ಮಾಡುವರು. ಸಂಜೆ ಏಳುವಷ್ಟರಲ್ಲಿ ಕೋಣೆ ಎಲ್ಲಿಗೋ ಹೋಗಿರುತ್ತಿತ್ತು.

"ನನ್ನ ನಿದ್ದೆ ಕಾದು ನನ್ನ ಕೋಣೆ ಕದೀತೀರಲ್ಲ, ನಾಚಿಕೆ ಆಗಲ್ವಾ?" ಎಂದು ಒಂದು ಸಂಜೆ ಕಿರುಚಿದಳು.

"ಅಯ್ಯೋ ಅತ್ತಿಗೆ, ಮಲಗೋಕೆ ಎಲ್ಲಾದ್ರೇನು?" ಎಂದಳು ನಾದಿನಿ.

ಆ ಮಾತಿಗೆ ಅವಳ ಪಿತ್ತ ನೆತ್ತಿಗೇರಿತು. "ಸಾಕು. ಇನ್ನು ಹಾಳೆ ಬೇಡ. ನಾಳೆ ಎಲ್ಲರೂ ಸೈಟಿಗೆ ಬನ್ನಿ. ಗೂಟ ಹೊಡೆದು ಹಗ್ಗ ಕಟ್ಟಿ, ಅಲ್ಲೇ ನನ್ನೆದುರಿಗೇ ತೀರ್ಮಾನ ಆಗ್ಲಿ."

ಮರುದಿನ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಸೈಟಿಗೇ ಬಂದಳು. ಗೂಟ, ಹಗ್ಗ, ಟೇಪು, ನಕ್ಷೆಯವನು ಎಲ್ಲ ಸಿದ್ಧ. ಆದರೆ ಹಾಳೆಯ ಮೇಲೆ ನಡೆಯುತ್ತಿದ್ದ ಜಗಳವೇ ಬಿಸಿಲಲ್ಲಿ ಇನ್ನಷ್ಟು ಜೋರಾಯಿತು. ಹಿಂದಿನ ಮೂಲೆ ತಂಪಾಗಿದೆ, ಅಡುಗೆಮನೆ ಅಲ್ಲೇ ಎಂದು ಅತ್ತೆ ಕುರ್ಚಿ ಹಾಕಿ ಕೂತರು. ಗಂಡ ಕಟ್ಟಿದ ಹಗ್ಗವನ್ನು ನಾದಿನಿ ಬಿಚ್ಚಿದಳು. ನಾದಿನಿ ನೆಟ್ಟ ಗೂಟವನ್ನು ಗಂಡ ಕಿತ್ತ. ನಕ್ಷೆಯವನು ಇಬ್ಬರಿಗೂ "ಮಾಡ್ಬಹುದು" ಎಂದ.

ಅವಳು ಬಾಯಿ ತೆರೆದಳು. ಬೈಯಲು ತ್ರಾಣವೇ ಉಳಿದಿರಲಿಲ್ಲ. "ಏನಾದ್ರೂ ಮಾಡ್ಕೊಂಡು ಸಾಯಿರಿ," ಎಂದು ಗೊಣಗಿ, ಹಿಂದಿನ ಮೂಲೆಯಲ್ಲಿ ಪಕ್ಕದ ಮನೆ ಗೋಡೆಯ ನೆರಳಿಗೆ ಹೋಗಿ, ಗೂಟ ಸುತ್ತಿ ತಂದಿದ್ದ ಟಾರ್ಪಾಲಿನ ಮೇಲೆ ಕೂತಳು. ಚಪ್ಪಲಿ ಬಿಟ್ಟಳು. ಕಾಲು ಚಾಚಿದಳು. ಬ್ಯಾಗನ್ನು ತಲೆಗಿಟ್ಟುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ, ಯಾವುದೋ ಮಾತಿಗೆ ಅವಳನ್ನು ಸಾಕ್ಷಿಗೆ ಕರೆಯಲು ತಿರುಗಿದ ಗಂಡ ಅಲ್ಲೇ ನಿಂತ. ಅವಳು ಗಾಢ ನಿದ್ದೆಯಲ್ಲಿದ್ದಳು. ಹಣೆಯಲ್ಲಿ ಗಂಟಿಲ್ಲ, ಕಿವಿಯಲ್ಲಿ ಹತ್ತಿಯಿಲ್ಲ, ಬಾಯಿ ಕೊಂಚ ತೆರೆದಿದೆ. ಅವಳು ಹೀಗೆ ಮಲಗಿದ್ದನ್ನು ಕೊನೆಯ ಸಲ ಯಾವಾಗ ನೋಡಿದ್ದೆ ಎಂದು ಅವನಿಗೆ ನೆನಪಾಗಲಿಲ್ಲ.

"ಎಬ್ಬಿಸ್ಲಾ?" ಎಂದಳು ನಾದಿನಿ.

ಅತ್ತೆ ಮಗಳ ಕೈ ಹಿಡಿದರು. ಸೊಸೆಯನ್ನೇ ನೋಡುತ್ತ ನಿಂತರು. "ಪಾಪ, ಇದು ಮಲಗೋದೇ ಹೀಗಾ? ಮನೇಲಿ ನಾನು ಯಾವಾಗ ನೋಡಿದ್ರೂ ಹೊರಳಾಡ್ತಾ ಇರ್ತಾಳೆ," ಎಂದರು. ಅದು ಅವರ ಪಿಸುಮಾತು, ಆದರೂ ಬೀದಿಗೇ ಕೇಳಿಸಿತು; ಎಲ್ಲರೂ ಗಾಬರಿಯಾಗಿ ಬಾಯಿಗೆ ಬೆರಳಿಟ್ಟರು. ಅತ್ತೆ ತಾವೇ ಕುರ್ಚಿ ಎತ್ತಿಕೊಂಡು ಮುಂದಿನ ಕಡೆಗೆ ಕುಂಟುತ್ತ ನಡೆದು, ಅಡುಗೆಮನೆ ಇಲ್ಲಿ ಎಂದು ಕೈಯಲ್ಲೇ ತೋರಿಸಿದರು.

ಅಲ್ಲಿಂದ ಮುಂದೆ ಕೆಲಸವೆಲ್ಲ ಕೈಸನ್ನೆಯಲ್ಲೇ ನಡೆಯಿತು. ಸನ್ನೆಯಲ್ಲಿ ವಾದ ಮಾಡುವುದು ಕಷ್ಟ. ಅಂಗಡಿ ಬೀದಿಯ ಬದಿಗೆ ಹೋಯಿತು, ಮಕ್ಕಳ ಕೋಣೆ ಅದರ ಪಕ್ಕಕ್ಕೆ. ನಡುವೆ ಹಜಾರ, ಅತ್ತೆಯ ಕೋಣೆ, ಉಗ್ರಾಣ, ಒಂದು ಸಣ್ಣ ಓಣಿ. ನಕ್ಷೆಯವನು ತುದಿಗಾಲಲ್ಲಿ ನಡೆದು, ಮಲಗಿದವಳ ಸುತ್ತ ಹಗ್ಗ ಕಟ್ಟಿದ.

ಅವಳು ಎಚ್ಚೆತ್ತಾಗ ನೆರಳು ಸರಿದು ಬಿಸಿಲು ಮುಖಕ್ಕೆ ಬಂದಿತ್ತು. ನಾಲ್ಕೂ ಕಡೆ ಹಗ್ಗ. ಆಚೆ ನಾಲ್ವರೂ ಪರೀಕ್ಷೆ ಬರೆದ ಮಕ್ಕಳಂತೆ ಕಾಯುತ್ತ ನಿಂತಿದ್ದರು.

"ಇದು ನಿಂದು," ಎಂದ ಗಂಡ.

ಅವಳು ಎದ್ದು, ಒಂದೊಂದೇ ಹಗ್ಗ ದಾಟುತ್ತ ಮನೆಯೆಲ್ಲ ತಿರುಗಿ ಬಂದು ಕೇಳಿದಳು: "ಬಚ್ಚಲುಮನೆ ಎಲ್ಲಿ?"

ನಕ್ಷೆಯವನು ಟೇಪನ್ನು ನಿಧಾನವಾಗಿ ಸುತ್ತಿಕೊಂಡ. ಆಮೇಲೆ ಮನೆಯವರೆಲ್ಲ ಒಟ್ಟಿಗೇ ಕೂಗಾಡತೊಡಗಿದರು.

ಮನೆ ಎದ್ದಿತು. ಬಚ್ಚಲಿನ ಬಾಗಿಲು ಹಜಾರಕ್ಕೇ ತೆರೆದುಕೊಂಡಿತು. ಬಂದ ನೆಂಟರು ಸೋಫಾದಲ್ಲಿ ಕೂತು ಎತ್ತ ನೋಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಈ ತಪ್ಪನ್ನು ಮನೆಯವರು ಇಂದಿಗೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಹೊಸ ಮನೆಯಲ್ಲಿ ಮೊದಲ ಸಲ ಪಾಳಿ ಮುಗಿಸಿ ಬಂದು ಮಲಗಿದವಳಿಗೆ ಮಧ್ಯಾಹ್ನ ಥಟ್ಟನೆ ಎಚ್ಚರವಾಯಿತು. ಒಂದು ಸದ್ದೂ ಇಲ್ಲ. ಯಾರಿಗೆ ಏನಾಯಿತೋ ಎಂದು ಎದ್ದು ಕೂತಳು. ಬರಿಗಾಲಲ್ಲಿ ಓಣಿ ದಾಟಿ ಹಜಾರದ ಬಾಗಿಲು ತೆರೆದಳು. ಮಿಕ್ಸಿ, ಟೀವಿ, ಮಕ್ಕಳ ಅಳು ಎಲ್ಲ ಒಟ್ಟಾಗಿ ಮುಖಕ್ಕೆ ರಾಚಿತು.

"ಸದ್ದಾಯ್ತೇನಮ್ಮ?" ಎಂದು ಅತ್ತೆ ಕೂಗಿ ಕೇಳಿದರು.

"ಇಲ್ಲ ಅತ್ತೆ," ಎಂದು ಅವಳೂ ಕೂಗಿ ಹೇಳಿ, ಬಾಗಿಲು ಮುಚ್ಚಿಕೊಂಡು ಹೋಗಿ ಮತ್ತೆ ಮಲಗಿದಳು.