ಎದೆಗಡ್ಡೆಯಲ್ಲಿ ಸಿಕ್ಕಿದ ಗಂಡಸರ ಪ್ರೋಟೀನು

ಎಲ್ಲಿಂದ ಶುರು ಮಾಡಲಿ? ಗಡ್ಡೆಯಿಂದ ಎಂದರೆ ನೀವು ಪುಟ ತಿರುಗಿಸುತ್ತೀರಿ. ಪ್ರೋಟೀನಿನಿಂದ ಎಂದರೆ ಪುಸ್ತಕವನ್ನೇ ಮುಚ್ಚುತ್ತೀರಿ. (ನಾನಾಗಿದ್ದರೂ ಅಷ್ಟೇ.) ಬೈಗುಳದಿಂದಲೇ ಆಗಲಿ.

೧

"ಏನಮ್ಮಾ, ಹೆಂಗಸಿನ ಎದೆಗೆ ಗಂಡಸಿನ ಪ್ರಾಸ್ಟೇಟ್ ಅಂಟಿಸಿದ್ದೀಯಾ?" ಎಂದರು ಡಾಕ್ಟರು, ಮೈಕ್ರೋಸ್ಕೋಪಿನಿಂದ ಕಣ್ಣೆತ್ತದೆ.

ಬೈಸಿಕೊಂಡವಳು ಲ್ಯಾಬ್ ಟೆಕ್ನಿಶಿಯನ್. ಮೇಣದಲ್ಲಿ ಹುದುಗಿಸಿದ ಗಡ್ಡೆಯನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬೆಚ್ಚನೆಯ ನೀರಿನಲ್ಲಿ ತೇಲಿಸಿ, ಗಾಜಿಗೆ ಹತ್ತಿಸಿ, ಬಣ್ಣ ಹಾಕುತ್ತಾಳೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹೇರಳವಾಗಿರುವ ಪಿಎಸ್‌ಎ ಎಂಬ ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಏಳುತ್ತದೆ. ಹೆಂಗಸರ ಎದೆಗಡ್ಡೆಯಲ್ಲಿ ಅದು ಏಳಬಾರದು; ಅದನ್ನು ಖಚಿತಪಡಿಸಿಕೊಳ್ಳಲೆಂದೇ ಈ ಪರೀಕ್ಷೆ. ಬಣ್ಣ ಸರಿಯಿದೆಯೇ ಎಂದು ತಿಳಿಯಲು ಪ್ರತಿಸಲವೂ ಒಂದು ಪ್ರಾಸ್ಟೇಟ್ ಚೂರನ್ನು ಜೊತೆಗಿಡಬೇಕು. ಇಂದು ಅದು ಕಂದಾಗಿದೆ. ಹೆಂಗಸೊಬ್ಬರ ಎದೆಯ ಗಡ್ಡೆಯೂ ಕಂದಾಗಿದೆ.

"ನೀರಲ್ಲಿ ಪ್ರಾಸ್ಟೇಟ್ ಚೂರು ತೇಲ್ತಾ ಇತ್ತು, ಹತ್ಕೊಂಡ್ಬಿಟ್ಟಿದೆ. ಇನ್ನೊಂದ್ಸಲ ಹೀಗಾದ್ರೆ ಈ ಕೆಲಸ ಬೇರೆಯವರಿಗೆ."

೨ (ಕೈಬಿಟ್ಟದ್ದು)

ಹನ್ನೆರಡು ವರ್ಷದ ಕೈಕಸುಬು ಕೈಜಾರುವ ಭಯಕ್ಕೆ ಅವಳು ಬಿಕ್ಕಿ ಬಿಕ್ಕಿ...

"ಕಥೆಗಾರ್ರೇ, ನನ್ನ ಅಳಿಸಬೇಡಿ."

ಅಳಿಸಿಬಿಟ್ಟೆ. ಅವಳನ್ನಲ್ಲ, ಪ್ಯಾರಾವನ್ನು.

"ಮತ್ತೆ ತಪ್ಪು ಯಾರದು?" ಎಂದೆ.

"ನಂದೇ ಇರಬಹುದು. ಪ್ರಾಸ್ಟೇಟ್ ಯಾವಾಗ್ಲೂ ಕೊನೇಲಿ ಕತ್ತರಿಸೋದು. ಇವತ್ತು ಅವಸರದಲ್ಲಿ ಮೊದಲೇ ಕತ್ತರಿಸ್ದೆ. ಆಮೇಲೆ ನೀರು ಬದಲಾಯಿಸಿದ್ನಾ? ಜ್ಞಾಪಕಾನೇ ಇಲ್ಲ."

(ನಾಯಕಿಯೇ ತಪ್ಪೊಪ್ಪಿಕೊಂಡರೆ ಕಥೆಗಾರನಿಗೆ ಏನು ಕೆಲಸ?)

ಆದರೆ ಅವಳು ಡಾಕ್ಟರ ಬಳಿ ಹೋಗಿ ಇದನ್ನೇ ಹೇಳಿದಳು. ಡಾಕ್ಟರು ಕನ್ನಡಕ ತೆಗೆದರು. "ನಿಜ ಹೇಳಿದ್ಯಲ್ಲ, ಒಳ್ಳೇದಾಯ್ತು. ಇನ್ನೊಂದ್ಸಲ ಮಾಡೋಣ. ಪ್ರಾಸ್ಟೇಟ್ ನಾನು ಕತ್ತರಿಸ್ತೀನಿ, ಪಕ್ಕದ ರೂಮಲ್ಲಿ."

ಅವಳದು ಹೊಸ ಬ್ಲೇಡು, ಹೊಸ ನೀರು. ಡಾಕ್ಟರು ಕತ್ತರಿಸಿದ್ದು ಒಗೆದು ಹಿಂಡಿದ ಕರ್ಚೀಫಿನಂತೆ ಮುದುಡಿತ್ತು.

"ಏನ್ ಸಾರ್, ಇಸ್ತ್ರಿ ಮಾಡ್ಲಾ?" ಎಂದಳು, ಅವರದೇ ಗೊಗ್ಗರು ದನಿಯಲ್ಲಿ. ಅವರು ನಕ್ಕುಬಿಟ್ಟರು.

ಸಂಜೆ ಗಡ್ಡೆ ಮತ್ತೆ ಕಂದಾಯಿತು. ತೇಲಿಬಂದ ಚೂರಲ್ಲ; ಗಡ್ಡೆಯ ಜೀವಕೋಶಗಳ ಒಳಗೇ.

"ಪ್ರೋಟೀನು ಆಕೇದೇ," ಎಂದರು ಡಾಕ್ಟರು ಮೆಲ್ಲಗೆ. "ನನ್ನದು ತಪ್ಪಾಯ್ತು. ಥ್ಯಾಂಕ್ಸ್ ಅಮ್ಮಾ."

"ನನಗ್ಯಾಕೆ ಸಾರ್? ಅಷ್ಟು ನೋವಲ್ಲೂ ‘ನನ್ನ ಗಡ್ಡೆ ಇಟ್ಕೊಂಡು ಓದಿಕೊಳ್ಳಿ’ ಅಂತ ಸಹಿ ಹಾಕಿ ಹೋದ್ರಲ್ಲ, ಅವರಿಗೆ ಹೇಳಿ."

೩ ಅಥವಾ ೪

ಮುಕ್ತಾಯ ಒಂದು: ಆ ಹೆಂಗಸು ಗುಣಮುಖರಾದರು. (ಸುಳ್ಳು. ಪ್ರೋಟೀನು ಸಿಕ್ಕಿದ ಮಾತ್ರಕ್ಕೆ ಯಾರಿಗೂ ವಾಸಿಯಾಗುವುದಿಲ್ಲ. ಅದು ಏನು ಹೇಳುತ್ತಿದೆ ಎಂದು ತಿಳಿಯಲು ಇನ್ನೂ ಎಷ್ಟೋ ಗಡ್ಡೆ ನೋಡಬೇಕು.)

ಮುಕ್ತಾಯ ಎರಡು: ಆ ಹೆಂಗಸು ತೀರಿ...

"ಏಯ್! ಹೆಸರೂ ಗೊತ್ತಿಲ್ದೆ, ಗಡ್ಡೆ ಮೇಲಿನ ನಂಬರ್ ಮಾತ್ರ ಗೊತ್ತಿರೋರನ್ನ ಸಾಯ್ಸೋಕೆ ನೀವ್ಯಾರ್ರೀ?"

"ಹಾಗಾದರೆ ಹೇಗಮ್ಮಾ ಮುಗಿಸಲಿ?"

"ಮುಗ್ಸೋದ್ಯಾಕೆ? ಇನ್ನೂ ನಲವತ್ತೊಂದು ಗಡ್ಡೆ ಬಾಕಿ ಇದೆ. ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರಿ."

ಸರಿದೆ. ಅವಳು ಮುಂದಿನ ಮೇಣದಚ್ಚನ್ನು ಎತ್ತಿಕೊಂಡು ನಂಬರು ಓದಿದಳು. ಕತ್ತರಿಸುವ ಯಂತ್ರಕ್ಕೆ ಸಿಕ್ಕಿಸುತ್ತ ಅದಕ್ಕೇ ಮೆಲ್ಲಗೆ ಅಂದಳು:

"ಬನ್ನಿ ಅಕ್ಕಾ, ಕೂತ್ಕೊಳ್ಳಿ."