ಮಕ್ಕಳಿಲ್ಲದ ರವಿವಾರದ ಪಾಠ

ಬೆಂಚಿನ ಕೆಳಗೆ ನನ್ನ ಮೊಣಕಾಲು ಹಿಡಿಸುತ್ತಿರಲಿಲ್ಲ. ಹಿಡಿಸಲಿ ಎಂದು ನಾನೇನೂ ಬಂದಿರಲಿಲ್ಲ. ಅಂಬಿಕಾ ಅಕ್ಕನನ್ನು ಮಸ್ಕಿಯಿಂದ ಲಿಂಗಸುಗೂರಿಗೆ ಬೈಕಿನಲ್ಲಿ ತಂದು, ಶಾಲೆಯ ಗೇಟಿನಲ್ಲಿ ಇಳಿಸಿ, ಬೇವಿನ ನೆರಳಲ್ಲಿ ಒಂದು ನಿದ್ದೆ ಹೊಡೆಯಬೇಕೆಂದು ಬಂದವನು ನಾನು.

ಅಕ್ಕ ಬಿ.ಎಡ್. ಮುಗಿಸಿದ್ದಾಳೆ. ಈ ಖಾಸಗಿ ಶಾಲೆಗೆ ಇಂಗ್ಲಿಷ್ ಟೀಚರುಗಳು ಬೇಕಾಗಿದ್ದರು, ಅಕ್ಕ ಕೇಳಿದ್ದು ಎಂಟನೇ ಕ್ಲಾಸು. ಕೆಲಸ ಕೇಳಿ ಬಂದವರು ಒಂದು ಪಾಠ ಮಾಡಿ ತೋರಿಸಬೇಕು, ಅದಕ್ಕೆ ಡೆಮೊ ಎನ್ನುತ್ತಾರೆ. ಸಿಂಧನೂರಿನಲ್ಲಿ ಎರಡು ಕಡೆ ಡೆಮೊ ಕೊಟ್ಟು ವಾಪಸ್ಸು ಬಂದಿದ್ದಳು. ಎರಡೂ ಕಡೆ ಒಂದೇ ಮಾತು: ನಿಮಗ ಇಂಗ್ಲಿಷ್ ಬರ್ತದ, ಕಲಿಸಾಕ ಬರಂಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿರುವ ಅಪ್ಪ ಹಿಂದಿನ ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದ.

"ಇದೂ ಆಗಲಿಲ್ಲಂದ್ರ ಸಾಕವಾ. ಕಚೇರಿ ಎದುರಿನ ಝೆರಾಕ್ಸ್ ಅಂಗಡ್ಯಾಗ ಹುಡುಗಿ ಬೇಕಂತ. ಅಲ್ಲಿ ಕುಂದ್ರು."

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಸುಮ್ಮನೆ ಕೂತ ಅಕ್ಕನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ನನ್ನ ಕಿವಿಯಲ್ಲಿ ಪಾಠ ಒಪ್ಪಿಸುತ್ತ ಬಂದಳು. "ಟೈಮ್ ಟು ಈಟ್. ಚಾನ್ಸ್ ಟು ಪ್ಲೇ. ಪ್ಲಾನ್ ಟು ಗೋ."

"ಟೈಮ್ ಗೊತ್ತು, ಚಾನ್ಸ್ ಗೊತ್ತು, ಪ್ಲಾನ್ ಗೊತ್ತು," ಎಂದೆ. "ಗ್ಯಾರೇಜಿನ್ಯಾಗ ದಿನಾ ಅಂತೀವಿ. ಅದರ ಹಿಂದ ಅದೇನು ಬಾಲ ಕಟ್ಟಾಕತ್ತೀ?"

"ಬಾಲ ಅಲ್ಲಲೇ. ಎದಕ್ಕ ಟೈಮ್, ಎದಕ್ಕ ಚಾನ್ಸ್ ಅಂತ ಹೇಳೋದದು."

"ಅದನ್ನ ಮೊದ್ಲ ಹೇಳಬೇಕು. ಉಣ್ಣೋ ಟೈಮ್. ಉಣ್ಣೋದು ಮುಂದ, ಟೈಮ್ ಹಿಂದ. ಇವರೇನು, ಟೈಮ್ ಕೈಯಾಗ ಹಿಡಕೊಂಡು ನಿಂತು, ಆಮ್ಯಾಲ ಎದಕ್ಕ ಅಂತ ಹುಡುಕ್ತಾರೇನು?"

"ನೀ ರಸ್ತಾ ನೋಡಿ ಗಾಡಿ ಹೊಡಿ."

ಶಾಲೆಯಲ್ಲಿ ಮಕ್ಕಳೇ ಇರಲಿಲ್ಲ. ಬೇಸಿಗೆ ಸೂಟಿ, ಮೇಲೆ ರವಿವಾರ. ಶಾಲೆಯ ಯಜಮಾನ ಕರಿಬಸಯ್ಯನವರು, ಬಟ್ಟೆ ವ್ಯಾಪಾರಿ, ಹಣೆತುಂಬ ವಿಭೂತಿ ಇಟ್ಟುಕೊಂಡು ವರಾಂಡದಲ್ಲಿ ನಿಂತಿದ್ದರು. "ಪಾಠ ಗ್ವಾಡಿಗೆ ಹೇಳಾಕ ಆಗಂಗಿಲ್ಲ. ಸಂಗಡ ಬಂದೋರೆಲ್ಲ ಒಳಗ ಬರ್ರಿ. ಇವತ್ತ ನೀವ ಮಕ್ಕಳು," ಎಂದರು.

ಹಾಗೆ ಮೂವರು ಮಕ್ಕಳಾದೆವು. ಹೆಂಡತಿ ಶಿವರಂಜನಿಯನ್ನು ಡೆಮೊಗೆ ಕರೆತಂದಿದ್ದ ಗೊರೇಬಾಳದ ಚನ್ನವೀರ ಕರ್ಚೀಫಿನಿಂದ ಬೆಂಚು ಝಾಡಿಸಿ ತನ್ನ ಬಿಳಿ ಅಂಗಿ ಸರಿಮಾಡಿಕೊಂಡು ಕೂತ. ಮಗಳ ಜೊತೆ ಬಂದಿದ್ದ ಗುಲ್ಷನ್‌ಬೀ ಎಂಬ ಮುದುಕಿ ಮುಂದಿನ ಬೆಂಚನ್ನೇ ಹಿಡಿದಳು. "ನಾ ಸಾಲಿ ಕಟ್ಟೀನ ಹತ್ತಿದಾಕಿ ಅಲ್ಲ ನೋಡು ಬೇಟಾ," ಎಂದು ನನಗೆ ಹೇಳಿದಳು. "ಇವತ್ತ ಹತ್ತಿದೆ."

ನಾನು ಶಾಲೆ ಬಿಟ್ಟದ್ದು ಎಂಟನೆಯಲ್ಲಿ. ಇಂಗ್ಲಿಷ್ ಮಾಸ್ತರ ದಿನಾ ನನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದ. ಒಂದು ದಿನ ಕಿಟಕಿ ಹಾರಿ ಹೋದವನು ಸಿಂಧನೂರಿನ ಟ್ರ್ಯಾಕ್ಟರ್ ಗ್ಯಾರೇಜು ಸೇರಿದೆ. ಆಮೇಲೆ ಬೆಂಚು ಮುಟ್ಟಿರಲಿಲ್ಲ. ಬರುವುದಿಲ್ಲ ಎನ್ನಬಹುದಿತ್ತು. ಅಕ್ಕ ನನ್ನತ್ತ ನೋಡಿದಳು. ಹಿಂದಿನ ಬೆಂಚಿಗೆ ಹೋಗಿ ಕೂತೆ.

ಅಕ್ಕನ ಸರದಿ ಕೊನೆಗೆ ಬಂತು. ದಾರಿಯಲ್ಲಿ ಇದ್ದ ದನಿ ಈಗ ಇರಲಿಲ್ಲ. ಬೋರ್ಡಿನ ಮೇಲೆ ಟೈಮ್, ಚಾನ್ಸ್, ಪ್ಲಾನ್, ಪರ್ಮಿಷನ್ ಎಂದು ಬರೆದು, ಪ್ರತಿಯೊಂದರ ಹಿಂದೆ ಒಂದು ಟು ಬರೆದಳು. ಏನು ಕೇಳಿದರೂ ಗುಲ್ಷನ್‌ಬೀ "ಹಾಂಜೀ" ಎನ್ನುತ್ತಿದ್ದಳು. ಚನ್ನವೀರ ಪ್ರತಿ ಉತ್ತರವನ್ನೂ ಜೋರಾಗಿ ಹೇಳಿ ಕರಿಬಸಯ್ಯನವರ ಮುಖ ನೋಡುತ್ತಿದ್ದ. ಕರಿಬಸಯ್ಯನವರು ನನ್ನ ಮುಖ ನೋಡಿದರು.

"ಏ ತಮ್ಮಾ, ನಿನಗ ತಿಳೀತೇನು?"

ಗೋಣು ಅಲ್ಲಾಡಿಸಿದ್ದರೆ ಮುಗಿದಿತ್ತು. ಅಲ್ಲಾಡಿಸು ಎಂದು ಅಕ್ಕನ ಕಣ್ಣು ಹೇಳುತ್ತಿತ್ತು. ಅವಳ ಕೆಲಸ ಅದರ ಮೇಲೆ ನಿಂತಿದೆ ಎಂದು ನನಗೂ ಗೊತ್ತಿತ್ತು. ಆದರೆ ಮಾಸ್ತರನ ಮುಂದೆ ತಿಳಿಯದೆ ಗೋಣು ಹಾಕಿದ್ದೆಲ್ಲ ಒಮ್ಮೆಲೇ ಕುತ್ತಿಗೆಗೆ ಬಂದು ಕೂತ ಹಾಗಾಯಿತು.

"ಇಲ್ಲರೀ. ತಿಳೀಲಿಲ್ಲ."

ಚನ್ನವೀರ ನಕ್ಕ. "ಅವಗ ತಿಳಿಸಾಕ ಹ್ವಾದ್ರ ಇವತ್ತ ಮನಿ ಮುಟ್ಟಂಗಿಲ್ಲ ಬಿಡ್ರಿ."

"ಸಾಕವಾ," ಎಂದರು ಕರಿಬಸಯ್ಯನವರು ಅಕ್ಕನಿಗೆ, ಗಡಿಯಾರ ನೋಡುತ್ತ.

ಅಕ್ಕ ನಿಲ್ಲಿಸಲಿಲ್ಲ. ಚಾಕ್‌ಪೀಸು ಇಟ್ಟು ಕಟ್ಟೆ ಇಳಿದು ನನ್ನ ಬೆಂಚಿನ ಹತ್ತಿರ ಬಂದು, ಕರಿಬಸಯ್ಯನವರಿಗೆ ಬೆನ್ನು ಹಾಕಿ ನಿಂತಳು.

"ನಿನಗೀಗ ಏನು ಬೇಕಾಗೈತಿ?"

"ಏನಿಲ್ಲ."

"ಖರೇ ಹೇಳಲೇ ರಾಜ್ಯಾ."

"ಹೊರಗ ಹೋಗಬೇಕಾಗೈತಿ."

"ಕಿಟಕಿ ಹಾರಬ್ಯಾಡ. ಏನು ಕೇಳಬೇಕು?"

"ಪರ್ಮಿಷನ್."

"ಎದಕ್ಕ?"

"ಹೋಗಾಕ."

"ಹೋಗಾಕ ಅಂದ್ರ ಟು ಗೋ. ಈಗ ನಿನ್ನ ಬಾಯಾಗ ಯಾವುದು ಮೊದ್ಲ ಬಂತು? ಪರ್ಮಿಷನ್. ಆಮ್ಯಾಲ ಹೋಗಾಕ. ಅದನ್ನ ನಾ ಕಲಿಸಿದ್ನೇನು?"

ನಾನು ಅವಳನ್ನೇ ನೋಡಿದೆ. ಗೆದ್ದೆನೋ ಸಿಕ್ಕಿಬಿದ್ದೆನೋ ತಿಳಿಯಲಿಲ್ಲ. "ಪರ್ಮಿಷನ್ ಟು ಗೋ," ಎಂದೆ. ಬೈದಂತೆ ಕೇಳಿತು.

"ಹೋಗು," ಎಂದಳು.

ಎದ್ದು ಬಾಗಿಲಿನಿಂದ ಹೋದೆ.

ಬೇವಿನ ಕೆಳಗೆ ಬೈಕಿನ ಕೀಲಿ ಹಿಡಿದು ನಿಂತೆ. ನಾನು ಮಾಡಿದ್ದೇನು? ಪಾಠದ ನಡುವೆ ಎದ್ದು ಬಂದೆ. ನಿನ್ನ ಹುಡುಗ ಓಡಿಹೋದ ಎಂದು ಅವರೀಗ ಅವಳಿಗೆ ಅನ್ನುತ್ತಿರಬೇಕು. ಹೋಗು ಎಂದವಳು ಅವಳೇ ಅಲ್ಲವೇ? ಅವಳು ಅಂದರೆ ನಾನು ಹೋಗಿಬಿಡುವುದೇ? ಮರಕ್ಕೆ ಒಂದು ಒದ್ದು, ವಾಪಸ್ಸು ಹೋಗಿ ಹೊಸ್ತಿಲಲ್ಲಿ ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಪರ್ಮಿಷನ್ ಟು," ಎಂದು ನಿಂತೆ. ಮುಂದಿನದು ಸಿಗಲಿಲ್ಲ. ಕಮ್ ಹಿಯರ್ ಎಂದು ಮಾಸ್ತರ ಬೆತ್ತ ಹಿಡಿದು ಕರೆಯುತ್ತಿದ್ದುದು ನೆನಪಾಯಿತು. "ಟು ಕಮ್."

"ಹಾಂಜೀ, ಬಾ ಬೇಟಾ," ಎಂದಳು ಗುಲ್ಷನ್‌ಬೀ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಕರಿಬಸಯ್ಯನವರು ನನ್ನನ್ನು ಒಂದಷ್ಟು ಹೊತ್ತು ನೋಡಿ, "ಫೋನ್ ಮಾಡ್ತೀವಿ ನಡೀರಿ," ಎಂದರು. ಸಿಂಧನೂರಿನವರೂ ಹಾಗೇ ಅಂದಿದ್ದರು. ವಾಪಸ್ಸು ಬರುವಾಗ ಅಕ್ಕ ಹಿಂದೆ ಕೂತು ಏನೂ ಒಪ್ಪಿಸಲಿಲ್ಲ.

ಎರಡು ದಿನ ಬಿಟ್ಟು ಗ್ಯಾರೇಜಿಗೆ ಅವಳ ಫೋನ್ ಬಂತು. ಜವಳಗೇರಾದ ಟ್ರ್ಯಾಕ್ಟರೊಂದಕ್ಕೆ ಕೆಸರುಗದ್ದೆಗೆಂದು ಹಾಕಿದ್ದ ಕಬ್ಬಿಣದ ಗಾಲಿ ಬಿಚ್ಚುತ್ತಿದ್ದೆ.

"ಆತಲೇ. ತಗೊಂಡಾರ," ಎಂದಳು. "ಮೂರನೇ ಕ್ಲಾಸಿಗೆ."

"ನೀ ಕೇಳಿದ್ದು ಎಂಟನೇದು."

"ಎಂಟನೇದು ಶಿವರಂಜನಿಗೆ ಕೊಟ್ಟಾರ."

"ಆ ಬಿಳಿ ಅಂಗಿಯೋನ ಹೆಂಡ್ತಿಗೇನು? ಯಾಕಂತ?"

"ಝೆರಾಕ್ಸ್ ಅಂಗಡಿ ತಪ್ಪಿತಲ್ಲ ಮಾರಾಯ. ಇದರಾಗೂ ಸಿಟ್ಟೇನು ನಿನ್ನದು?"

ಅವಳು ನಗುತ್ತಿದ್ದಳು. ನಾನೂ ನಗಬೇಕಿತ್ತೋ ಏನೋ. ಫೋನಿಟ್ಟು ಸುತ್ತಿಗೆ ತೆಗೆದುಕೊಂಡು ಗಾಲಿಗೆ ಒಂದು ಹಾಕಿದೆ. ಅದು ಆಗಲೇ ಬಿಚ್ಚಿಕೊಂಡಿತ್ತು.

ಶಾಲೆ ಶುರುವಾದ ದಿನ ಬಸ್ಸಿಗೆ ಹೋಗು ಎಂದು ಹೇಳಿ, ಆಮೇಲೆ ನಾನೇ ಬೈಕು ತೆಗೆದೆ. ಗೇಟಿನ ಒಳಗೆ ಅರ್ಧ ದಾರಿ ನಡೆದ ಅಕ್ಕ ತಿರುಗಿ ನೋಡಿದಳು. "ಇನ್ನ ಯಾಕ ನಿಂತೀ? ಹೋಗು."

ನಾನು ಪರ್ಮಿಷನ್ ಕೇಳಿರಲಿಲ್ಲ. ಸಿಂಧನೂರಿಗೆ ದೂರ ಹೋಗುವುದಿತ್ತು, ಗ್ಯಾರೇಜು ತೆರೆದಾಗಿತ್ತು. ಆದರೂ ಒಳಗೆ ಮೂರನೇ ಕ್ಲಾಸಿನ ಮಕ್ಕಳು ಎದ್ದು ನಿಂತು ಅಕ್ಕನಿಗೆ ರಾಗ ಎಳೆದು ಗುಡ್ ಮಾರ್ನಿಂಗ್ ಹೇಳಿ ಮುಗಿಸುವ ತನಕ ಅಲ್ಲೇ ನಿಂತಿದ್ದೆ.